ಬಾಯಲ್ಲಿ ಹೇಳದ ಹೆಸರು

“ನಾನು ಮೃತ್ಯುಂಜಯ, ಸುಲೋಚನಮ್ಮನ ಮೊಮ್ಮಗ. ನಮ್ಮಜ್ಜಿಗೆ ಅರಳುಮರಳು ಅಂದಿದ್ದು ನೀವೇನಾ?”

ಯಸಳೂರಿನ ಆಸ್ಪತ್ರೆ ಜಗಲಿಯಲ್ಲಿ ಜೀಪಿನ ಕೀ ತಿರುಗಿಸುತ್ತಾ ನಿಂತವನನ್ನು ಸುಮನಾ ತಲೆಯೆತ್ತಿ ನೋಡಿದಳು. ಸಿಟ್ಟಿನಲ್ಲೂ ಅವನ ಕಣ್ಣುಗಳು ಚೆನ್ನಾಗಿದ್ದವು. ಅದೇ ಅವಳಿಗೆ ಇನ್ನಷ್ಟು ಕಸಿವಿಸಿ.

“ಹಾಗಂದಿಲ್ಲ, ಮೃತ್ಯುಂಜಯ ಅವರೇ. ಮರೆವಿನ ಲಕ್ಷಣ ಇರಬಹುದು ಅಂದೆ.”

“ಅಷ್ಟಕ್ಕೇ ಅವ್ವ ಅಜ್ಜಿನ ಒಲೆ ಹತ್ರ ಬಿಡ್ತಿಲ್ಲ ಕಣ್ರೀ. ಮನೆ ಕಾಫಿಬೀಜ ಹುರಿಯೋದೇ ಅಜ್ಜಿ. ಈಗ ಮೂಲೇಲಿ ಕೂತ್ಬುಟ್ಟೈತೆ.”

ಸುಮನಾ ಕೈಲಿದ್ದ ಪ್ರಶ್ನೆಪಟ್ಟಿ ನೋಡಿದಳು. ಹೊರದೇಶದವರು ಮಾಡಿದ ನೆನಪಿನ ಪರೀಕ್ಷೆಯನ್ನು ಇಲ್ಲಿನ ಹಿರಿಯರಿಗೆ ಹೊಂದಿಸಲೆಂದೇ ಅವಳು ಮೈಸೂರಿನಿಂದ ಬಂದದ್ದು. ಪಿಯಾನೋ ಚಿತ್ರ ತೆಗೆದು ಒನಕೆ ಹಾಕಿದ್ದಳು, ಹಿಮದ ಬದಲು ಕಾಫಿ ಹೂ. ‘ಗಂಡನ ಹೆಸರೇನು’ ಎಂಬ ಪ್ರಶ್ನೆಯನ್ನು ಮಾತ್ರ ಹಾಗೇ ಬಿಟ್ಟಿದ್ದಳು. ಅದನ್ನು ಕೇಳಿದ್ದೇ ತಲೆ ತಗ್ಗಿಸಿದ ಅಜ್ಜಿ ಆಮೇಲೆ ಯಾವುದಕ್ಕೂ ಬಾಯಿ ಬಿಟ್ಟಿರಲಿಲ್ಲ.

“ಬನ್ನಿ, ಇನ್ನೊಮ್ಮೆ ಮಾತಾಡಿಸ್ತೀನಿ,” ಎಂದು ಜೀಪು ಹತ್ತಿದಳು. ದಾರಿಯುದ್ದಕ್ಕೂ ಇಬ್ಬರದೂ ಊದಿದ ಮುಖ. ಆದರೂ ತಿರುವಿನಲ್ಲಿ ಅವಳು ವಾಲಿದಾಗೆಲ್ಲ ಅವನು ವೇಗ ತಗ್ಗಿಸಿದ.

ಸುಲೋಚನಮ್ಮ ಹಿತ್ತಲ ಬಾಗಿಲಲ್ಲಿ ಕೂತಿದ್ದರು. ಸುಮನಾ ಪಕ್ಕದಲ್ಲೇ ಕೂತು ಮೆಲ್ಲಗೆ ಕೇಳಿದಳು: “ಅಜ್ಜಿ, ಅವತ್ತು ಅಜ್ಜನ ಹೆಸರು ಮರೆತುಹೋಗಿತ್ತಾ?”

“ಮರೆಯೋದಾ? ಗಂಡನ ಹೆಸ್ರನ್ನ ಬಾಯಲ್ಲಿ ಹೇಳ್ತಾರೇನವ್ವ? ದಿನಾ ಹಣೆಗೆ ಈಬತ್ತಿ ಹಚ್ಕೊಳ್ಳೋವಾಗ ಮನಸಲ್ಲೇ ನೆನೀತೀನಿ. ಅಷ್ಟು ಜನದೆದ್ರಿಗೆ ನೀ ಕೇಳ್ದೆಯಲ್ಲ, ನಾಚ್ಕೆ ಆಗ್ಬುಡ್ತು.”

ಸುಮನಾಳ ಕಣ್ಣು ತುಂಬಿತು. ಆ ಪ್ರಶ್ನೆಯೊಂದನ್ನು ಬಿಟ್ಟು ಉಳಿದವನ್ನೆಲ್ಲ ಮತ್ತೆ ಕೇಳಿದಳು. ಅಜ್ಜಿ ಅರಳು ಹುರಿದಂತೆ ಉತ್ತರಿಸಿದರು.

“ತಪ್ಪಿದ್ದದ್ದು ನನ್ನ ಪ್ರಶ್ನೆಯಲ್ಲಿ. ಒಲೆ ಅಜ್ಜಿಗೇ ಬಿಡಿ,” ಎಂದು ಮೃತ್ಯುಂಜಯನ ಅವ್ವ ಕಲ್ಯಾಣಮ್ಮನಿಗೆ ಹೇಳಿ ಕೈಮುಗಿದಳು.

ಅಂದಿನಿಂದ ಅವಳನ್ನು ಊರೂರು ಸುತ್ತಿಸಿದ್ದು ಅದೇ ಜೀಪು. “ಮೃತ್ಯುಂಜಯ ಅವರೇ, ಇಲ್ಲಿ ನಿಲ್ಸಿ. ಮೃತ್ಯುಂಜಯ ಅವರೇ, ನಿಧಾನ.”

“ಎಷ್ಟು ಸಲ ಕರೀತೀರ ಮಾರಾಯ್ರೆ, ಹೆಸ್ರು ಸವ್ದೋಯ್ತದೆ,” ಎಂದು ಅವನು ಓರೆಗಣ್ಣಲ್ಲಿ ನೋಡಿ ನಗುತ್ತಿದ್ದ.

ಕೆಲಸ ಮುಗಿದು, ಮೈಸೂರಿಗೆ ಹೊರಡುವ ದಿನ ಅವಳು ಹೇಳಿಹೋಗಲು ಬಂದಳು. ಅಜ್ಜಿ ಒಲೆ ಮುಂದೆ ಬೀಜ ಹುರಿಯುತ್ತಿದ್ದರು. ಮೃತ್ಯುಂಜಯ ಅವಳೆದುರು ಕೂತ.

“ಈಗ ನನ್ನ ಪರೀಕ್ಷೆ. ಇವತ್ತು ಯಾವ ವಾರ?”

“ಗುರುವಾರ.”

“ಇದ್ಯಾವ ಊರು?”

“ನಿಮ್ಮೂರು.”

“ನನ್ನ ಹೆಸ್ರು?”

ಸುಮನಾ ಬಾಯಿ ತೆರೆದಳು. ಅವನ ಕಣ್ಣು ನೋಡಿದಳು. ಇವನನ್ನು ಬಿಟ್ಟು ಹೋಗಲು ತನ್ನಿಂದಾಗದು ಎಂದು ಆಗಲೇ ಅವಳಿಗೆ ತಿಳಿದದ್ದು. ಮೆಲ್ಲಗೆ ಬಾಯಿ ಮುಚ್ಚಿ ತಲೆ ತಗ್ಗಿಸಿದಳು.

“ಮರ್ತೋಯ್ತಾ?” ಅವನು ಮುಂದಕ್ಕೆ ಬಾಗಿದ.

“ಮರ್ತಿಲ್ಲ ಕಣೋ ಪೆದ್ದ,” ಎಂದರು ಒಲೆ ಮುಂದಿನಿಂದ ಅಜ್ಜಿ. “ಇನ್ಮೇಲೆ ಹೇಳಾಕಿಲ್ಲ, ಅಷ್ಟೇಯ.”