ಏಳು ಹತ್ತರ ಕಾಗದ

17 ಮಾರ್ಚ್ 2009, ಮಂಗಳವಾರ, ಬೆಳಿಗ್ಗೆ 9:40. ಯೋಗ್ಯಕರ್ತಾದ ಕೋಟಗೆಡೆ ಠಾಣೆಗೆ ಬಂದ ಮುರ್ತಿನಾ ಎಂಬ ಹೆಂಗಸಿನ ದೂರನ್ನು ಹೇಗೆ ಬರೆದುಕೊಳ್ಳಬೇಕೆಂದು ಮಹಿಳಾ ಕಾನ್‌ಸ್ಟೇಬಲ್ ರೆತ್ನೊಗೆ ತಿಳಿಯಲಿಲ್ಲ. ಆಕೆಯ ಗಂಡ ಹಾರ್ಯದಿ ಶುಕ್ರವಾರ ಮಧ್ಯಾಹ್ನ ಮನೆಯ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡಿದ್ದ. ನಾಲ್ಕು ಗಂಟೆಗೆ ಮಣ್ಣು ಮಾಡಿದ್ದರು. ಅದೇ ಸಂಜೆ 7:10ಕ್ಕೆ ಅವನು ತನ್ನ ಕಂಪ್ಯೂಟರಿನಲ್ಲಿ ಒಂದು ಕಾಗದ ಬರೆದಿದ್ದ.

ಸತ್ತವನ ಮೇಲೆ ಯಾವ ಕಲಂ ಹಾಕೋಣ ಎಂದು ಪಕ್ಕದ ಮೇಜಿನವನು ನಕ್ಕ. ಇನ್ಸ್‌ಪೆಕ್ಟರ್ ವಿರ್ಯವಾನ್ ನಗಲಿಲ್ಲ. ನಲವತ್ತು ದಿನ ಜೀವ ಮನೆ ಬಿಡುವುದಿಲ್ಲ ಎಂದು, ತಾಯಿ ಸತ್ತಾಗ ಅವನೂ ಅವಳ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಟ್ಟಿರಲಿಲ್ಲ.

“ದೂರು ಯಾರ ಮೇಲೆ, ಬು?” ಎಂದ; ಅಲ್ಲಿ ಹೆಂಗಸರಿಗೆ ಬು, ಗಂಡಸರಿಗೆ ಪಾಕ್ ಎನ್ನುವುದು ಮರ್ಯಾದೆ.

“ಯಾರ ಮೇಲೂ ಇಲ್ಲ, ಪಾಕ್. ನಾನೇ ಬರ್ದೆ ಅಂತಾರೆ ನೆರೆಯವ್ರು. ಬರ್ದಿದ್ದು ಅವ್ರೇ ಅಂತ ನೀವು ನೋಡಿ ಹೇಳಿ, ಸಾಕು.”

ಕಾಗದ ಮೂರೇ ಸಾಲು. ‘ಬಸುಕಿಯ ಮೇಲಿನ ಸಿಟ್ಟು ಹೋಯಿತು. ಅಮ್ಮನ ಪುಸ್ತಕದ ತಪ್ಪನ್ನು ಮನ್ನಿಸಿದ್ದೇನೆ. ಅವನನ್ನು ನಮ್ಮ ಜೊತೆ ಊಟಕ್ಕೆ ಕರಿ.’

ಬಸುಕಿ ಹಾರ್ಯದಿಯ ತಮ್ಮ. ಸತ್ತವರ ಹೆಸರಿನಲ್ಲಿ ಹಂಚುವ ಪ್ರಾರ್ಥನೆಯ ಪುಸ್ತಕ ಅಚ್ಚು ಹಾಕುವುದು ಅಣ್ಣತಮ್ಮಂದಿರ ಕಸುಬು. ಸುಮಾರು ಎರಡೂವರೆ ವರ್ಷದ ಹಿಂದೆ, ಹೆತ್ತ ತಾಯಿಯ ನೂರನೇ ದಿನದ ಪುಸ್ತಕದಲ್ಲೇ ಬಸುಕಿ ಅವಳು ಸತ್ತ ತಾರೀಖನ್ನು ತಪ್ಪಾಗಿ ಹಾಕಿದ. ಇನ್ನೂರು ಪ್ರತಿ ಊರೆಲ್ಲ ಹಂಚಿಹೋಗಿತ್ತು. ಅಂದಿನಿಂದ ಹಾರ್ಯದಿ ಅವನೊಡನೆ ಮಾತು ಬಿಟ್ಟ. ಮನೆ ಎರಡಾಯಿತು, ಒಲೆ ಎರಡಾಯಿತು. ಕಂಪ್ಯೂಟರ್ ಮಾತ್ರ ಒಂದೇ ಇತ್ತು, ಅದನ್ನೂ ಬಸುಕಿಯೇ ಎರಡು ಮಾಡಿದ: ಅಣ್ಣನಿಗೆ ವಿಂಡೋಸ್, ತನಗೆ ಲಿನಕ್ಸ್. ಅಣ್ಣನ ಕಡೆಯ ಪಾಸ್‌ವರ್ಡ್ ಗಂಡಹೆಂಡಿರಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

11:20ಕ್ಕೆ ನೆರೆಯ ಇಬ್ಬರನ್ನು ಪಂಚರಾಗಿ ಕರೆದು ಪಂಚನಾಮೆ ಶುರುವಾಯಿತು. ಮಹಡಿಯ ಕೋಣೆ, ಕಂಪ್ಯೂಟರಿನ ಮುಂದೆ ಮುರ್ತಿನಾ ಗಂಡನಿಗೆಂದು ಇಟ್ಟ ಒಂದು ಲೋಟ ಕಾಫಿ. ಶುಕ್ರವಾರ 1:30ಕ್ಕೆ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. 7:10ಕ್ಕೆ ಕೆಳಗಿನ ಪಡಸಾಲೆಯಲ್ಲಿ ನಲವತ್ತು ಜನ ಕೂತು ಸತ್ತವನಿಗಾಗಿ ಪ್ರಾರ್ಥನೆ ಹೇಳುತ್ತಿದ್ದರು. ಮೇಲೆ ಹತ್ತಿದವರಿಲ್ಲ.

ಕಂಪ್ಯೂಟರ್ ಹಾಕಿದೊಡನೆ ಯಾರ ಕಡೆಗೆ ಹೋಗಲಿ ಎಂದು ಕೇಳಿತು. ಹತ್ತು ಸೆಕೆಂಡು ಸುಮ್ಮನಿದ್ದರೆ ತಾನಾಗಿ ಅಣ್ಣನ ಕಡೆಗೇ ಹೋಗುತ್ತಿತ್ತು. ಕಾಗದ ಅಲ್ಲಿತ್ತು, 7:10 ಎಂದೇ ಇತ್ತು. ಇಂಥದ್ದರಲ್ಲಿ ಪಳಗಿದ ರೆತ್ನೊ ಯಂತ್ರವನ್ನು ಆರಿಸಿ ಮತ್ತೆ ಹಾಕಿ ತಮ್ಮನ ಕಡೆ ಹೊಕ್ಕಳು. ಗೋಡೆಯ ಗಡಿಯಾರದಲ್ಲಿ 11:35 ಆಗಿತ್ತು. ಪರದೆಯ ಮೂಲೆಯಲ್ಲಿ ಸಂಜೆ 6:35.

“ಯಂತ್ರದೊಳಗೆ ಗಡಿಯಾರ ಒಂದೇ, ಪಾಕ್,” ಎಂದಳು ರೆತ್ನೊ. “ಅಣ್ಣನ ಕಡೇದು ಅದನ್ನ ಈ ಊರಿನ ಟೈಮು ಅನ್ಕೊಳ್ಳುತ್ತೆ. ತಮ್ಮನ ಕಡೇದು ಅದನ್ನೇ ಗ್ರೀನಿಚ್ ಟೈಮು ಅನ್ಕೊಂಡು ಮೇಲೆ ಏಳು ಗಂಟೆ ಸೇರಿಸುತ್ತೆ. ಮನೇಲಿ ಇಂಟರ್ನೆಟ್ಟಿಲ್ಲ, ತಿದ್ದೋರಿಲ್ಲ.”

ಇನ್ನೊಂದನ್ನೂ ತೋರಿಸಿದಳು. ಪಾಸ್‌ವರ್ಡ್ ಅಣ್ಣನ ತಲೆಬಾಗಿಲಿಗೆ ಮಾತ್ರ ಇತ್ತು. ಹಿತ್ತಿಲ ಬಾಗಿಲು ತಮ್ಮನ ಕಡೆಗೆ ತೆರೆದೇ ಇತ್ತು. ತಮ್ಮನ ಕಡೆಯಿಂದ ಹೋಗಿ ಅಣ್ಣನ ಕಾಗದಪತ್ರದಲ್ಲಿ ಏನನ್ನಾದರೂ ಇಟ್ಟು ಬರಬಹುದಿತ್ತು. ಹಾಗೆ ಇಟ್ಟದ್ದರ ಮೇಲೆ ತಮ್ಮನ ಕಡೆಯ ಹೊತ್ತೇ ಬೀಳುತ್ತಿತ್ತು.

ವಿರ್ಯವಾನ್ ಏಳು ಗಂಟೆ ಕಳೆದ. 12:10. ಬೀಗ ಬೀಳುವ ಮೊದಲು. ಮುರ್ತಿನಾ ನೆರೆಮನೆಯ ಮದುವೆಯ ಅಡಿಗೆಗೆ ಹೋಗಿದ್ದಳು, ಹೆಣ ಕಂಡದ್ದು ಒಂದು ಗಂಟೆಗೆ. ಬಸುಕಿ 11:45ರಿಂದ ಮಸೀದಿಯಲ್ಲಿದ್ದೆ ಎಂದಿದ್ದ.

ಬಸುಕಿ ತನ್ನ ಭಾಗದಲ್ಲಿ ಅಣ್ಣನ ನಲವತ್ತನೇ ದಿನದ ಪುಸ್ತಕದ ಕೈಬರಹದ ಕರಡು ತಿದ್ದುತ್ತಿದ್ದ. ಫೋಟೋದ ಜಾಗ ಖಾಲಿಯಿತ್ತು. ಫೋಟೋ ಅಣ್ಣನ ಕಡೆ ಇರಬೇಕು, ಹುಡುಕಿ ಎಂದು ಅತ್ತಿಗೆಯನ್ನು ಬೆಳಿಗ್ಗೆ ಮೇಲೆ ಕಳಿಸಿದ್ದವನೂ ಅವನೇ. ಇನ್ಸ್‌ಪೆಕ್ಟರ್ ಹಾಳೆ ಎತ್ತಿಕೊಂಡು ಓದಿದ. ‘ಮರಣ: ಶುಕ್ರವಾರ, 13 ಮಾರ್ಚ್ 2009, ಮಧ್ಯಾಹ್ನ 12:25.’

“ಹನ್ನೆರಡೂ ಇಪ್ಪತ್ತೈದು. ಯಾರು ಹೇಳಿದ್ರು?”

ಬಸುಕಿ ಹಾಳೆಗೆ ಕೈ ಚಾಚಿದ.

“ಡಾಕ್ಟರು ಮಧ್ಯಾಹ್ನ ಅಂತಷ್ಟೇ ಬರ್ದಿದಾರೆ.”

“ಅಮ್ಮಂದು ತಪ್ಪಾಗಿತ್ತು, ಪಾಕ್. ಇದೂ ತಪ್ಪಾಗ್ಬಾರ್ದು ಅಂತ ಹಾಕ್ದೆ.”

ಆಮೇಲೆ ಅವನು ಏನನ್ನೂ ಮುಚ್ಚಿಡಲಿಲ್ಲ. ಆ ಶುಕ್ರವಾರ ತಾಯಿಯ ಸಾವಿರನೇ ದಿನಕ್ಕೆ ಸರಿಯಾದ ತಾರೀಖಿನ ಹೊಸ ಪುಸ್ತಕ ಮಾಡಿ ಅಣ್ಣನಿಗೆ ತೋರಿಸಲು ಹೋಗಿದ್ದ. ಅಣ್ಣ ಕಣ್ಣೆತ್ತಿಯೂ ನೋಡದೆ ಮೆಟ್ಟಿಲು ಹತ್ತಿದ. ಒಂದು ಮಾತಾಡು ಎಂದು ಬಸುಕಿ ತೋಳು ಹಿಡಿದ, ಅವನು ಕೊಡವಿದ, ಇವನು ದೂಡಿದ.

“ಬಿದ್ದಾಗ ಜೀವ ಇತ್ತಾ?”

“ಇತ್ತು. ಕಣ್ಣು ಬಿಟ್ಟು ನೋಡ್ತಿದ್ದ.”

“ಯಾರನ್ನಾದ್ರೂ ಕೂಗ್ಬೋದಿತ್ತು.”

“ಈಗ್ಲಾದ್ರೂ ಬೈತಾನೆ ಅಂತ ಕಾದೆ. ಬೈಲಿಲ್ಲ. ಅವ್ನು ಹೇಳ್ಬೇಕಾದ್ದನ್ನ ಮೇಲೆ ಹೋಗಿ ನಾನೇ ಬರ್ದೆ. ಕೆಳಗೆ ಬಂದು ಹೇಳ್ದೆ. ತಲೇನೂ ಆಡಿಸ್ಲಿಲ್ಲ.”

2:15ಕ್ಕೆ ಎಫ್‌ಐಆರ್, 2:40ಕ್ಕೆ ಬಂಧನ. ಹತ್ತು ಸೆಕೆಂಡಿಗೆ ಅಣ್ಣನ ಕಡೆಗೆ ಹೋಗುವಂತೆ ಇಟ್ಟದ್ದು ಯಾರೆಂದು ರೆತ್ನೊ ಜೀಪಿನಲ್ಲಿ ಕೇಳಿದಳು. ತಾನೇ ಎಂದ ಬಸುಕಿ. ಅಣ್ಣನಲ್ಲವೇ, ಅವನೇ ಮೊದಲು ಬರಬೇಕು ಎಂದ.

ಮುರ್ತಿನಾಗೆ ತಿಳಿಸುವ ಕೆಲಸ ವಿರ್ಯವಾನನ ಪಾಲಿಗೆ ಬಂತು. ಹೇಳಬಾರದಿತ್ತು ಎಂದು ಹೇಳುತ್ತಿರುವಾಗಲೇ ಅವನಿಗೆ ಅನ್ನಿಸಿತು. ಆಕೆ ಅಳಲಿಲ್ಲ.

“ಹಂಗಾದ್ರೆ ಅವ್ರು ತಮ್ಮನ ಜೊತೆ ಮಾತು ಬಿಟ್ಕೊಂಡೇ ಹೋದ್ರಾ?”

ಜಪ್ತಿಯಾದ ಕಂಪ್ಯೂಟರನ್ನು ಕೆಳಗಿಳಿಸಿದ ಮೇಲೆ ಆಕೆ ಆರಿದ ಕಾಫಿಯನ್ನು ಚೆಲ್ಲಿ, ಬಿಸಿಯದು ತಂದು ಬರಿಯ ಮೇಜಿನ ಮೇಲೆ ಇಟ್ಟಳು. ನಲವತ್ತರಲ್ಲಿ ಇನ್ನೂ ಮೂವತ್ತೈದು ದಿನ ಉಳಿದಿತ್ತು.