ಬೂದು ಕುದುರೆಯ ಪಾಲು

ಡಾಕ್ಟರು ಆ ಮಾತನ್ನು ಬೈಗುಳವಾಗಿ ಆಡಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿದ್ದು. "ನಿನ್ನ ಕೈ ಚೆನ್ನಾಗಿದೆ ಕಣಪ್ಪ. ಆದ್ರೆ ನಕಲು ಎಷ್ಟಾದ್ರೂ ನಕಲೇ. ಗೊತ್ತಿದ್ದವರು ಬಾಗಿಲಲ್ಲಿ ನಿಂತೇ ಹೇಳಿಬಿಡ್ತಾರೆ," ಎಂದಿದ್ದರು, ಮಗುವಿನ ತಲೆ ಸವರಿದ ಹಾಗೆ.

ಇಪ್ಪತ್ತೆರಡು ವರ್ಷದಿಂದ ಅವನು ಹಳೆಯ ಯುದ್ಧಚಿತ್ರಗಳನ್ನು ಕೈಯಲ್ಲೇ ನಕಲು ಮಾಡಿ ಜನರ ಮನೆಗಳಿಗೆ ಕೊಡುತ್ತಿದ್ದ. ಎಷ್ಟೋ ಸೋಫಾಗಳ ಮೇಲಿನ ಗೋಡೆಯಲ್ಲಿ ಅವನ ಸೈನಿಕರು ಸಾಯುತ್ತಿದ್ದರು. ಒಂದರ ಮೂಲೆಯಲ್ಲೂ ಅವನ ಹೆಸರಿರಲಿಲ್ಲ. ಡಾಕ್ಟರ ಮನೆಯದು ಮಾತ್ರ ಅಸಲು. ಇನ್ನೂರು ವರ್ಷದ ಚಿತ್ರ. ಏಳು ಕುದುರೆಗಳು ಧೂಳೆಬ್ಬಿಸುತ್ತ ನೋಡುವವರ ಎದೆಯ ಮೇಲೇ ನುಗ್ಗಿ ಬರುತ್ತಿದ್ದವು. ಅದರ ಕೊಳೆ ತೆಗೆದು, ದೂರದಲ್ಲಿರುವ ಮಗಳಿಗೆ ಒಂದು ನಕಲು ಬರೆದುಕೊಡು ಎಂದು ಡಾಕ್ಟರೇ ಎರಡು ತಿಂಗಳ ಮಟ್ಟಿಗೆ ಅದನ್ನು ಅವನ ಕೈಗಿಟ್ಟರು. ತೋಳನಿಗೆ ಕುರಿ ಕಾಯಲು ಹೇಳಿದಂತಾಯಿತು.

ಚಿತ್ರ ಇಳಿಸಿಕೊಳ್ಳಲು ಹೋದಾಗ ಅದರ ಕೆಳಗೇ ಡಾಕ್ಟರ ಹೆಂಡತಿ ಮೊಮ್ಮಗಳಿಗೆ ಉಣ್ಣಿಸುತ್ತಿದ್ದರು.

"ಕರಿ ಕುದುರೆದು ನಾಲ್ಕು ತುತ್ತು ಆಯ್ತು ಬಂಗಾರಿ. ಈಗ ಬೂದು ಕುದುರೆದು, ಐದು."

ಅವನು ಒಳಗೊಳಗೇ ನಕ್ಕ. ಉಣ್ಣಿಸುವವರ ಲೆಕ್ಕದಲ್ಲಿ ಒಂದು ತುತ್ತು ಯಾವಾಗಲೂ ಹೆಚ್ಚೇ.

"ಬೇಗ ತಂದುಕೊಡಪ್ಪ," ಎಂದರು ಅಜ್ಜಿ. "ಇದು ಗೋಡೆ ಮೇಲಿಲ್ಲ ಅಂದ್ರೆ ಇವಳ ಗಂಟಲಲ್ಲಿ ಊಟ ಇಳಿಯಲ್ಲ."

ಅವನು ಬರೆದದ್ದು ಒಂದಲ್ಲ, ಎರಡು ನಕಲು. ಮೊದಲನೆಯದು ಮಗಳಿಗೆ. ಎರಡನೆಯದು ಈ ಗೋಡೆಗೆ. ಅಸಲು ಕಡಲಾಚೆಯ ಒಬ್ಬ ಸಂಗ್ರಾಹಕನಿಗೆ ಹೋಗಬೇಕು. ಆಮೇಲೆ ಅವನು ಯಾರೂ ಗುರುತಿಸದ ಊರಲ್ಲಿ ತನ್ನದೇ ಚಿತ್ರ ಬರೆದು ತನ್ನದೇ ಹೆಸರು ಹಾಕುತ್ತಾನೆ.

ಎರಡನೆಯದಕ್ಕಾಗಿ ಯಾರಿಗೂ ಬೇಡವಾದ ಒಂದು ಹಳೆಯ ಭಾವಚಿತ್ರವನ್ನು ಹೆರೆದು, ಅಷ್ಟೇ ವಯಸ್ಸಿನ ಬಟ್ಟೆ ಹೊಂದಿಸಿದ. ಚೌಕಟ್ಟು ಅಸಲಿನದೇ. ತುಕ್ಕು ಹಿಡಿದ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಅದೇ ತೂತಿಗೆ ಮರಳಿ ಕೂರಿಸಿದ. ಎಡಮೂಲೆಯಲ್ಲಿ ಸಿಗರೇಟು ಸುಟ್ಟ ಗುರುತು, ಹಿಂಬದಿಯಲ್ಲಿ ಯಾರೋ ಚಹಾ ಕಪ್ಪು ಇಟ್ಟ ಕಲೆ, ಬಿರುಕು, ಎಲ್ಲವೂ ಇದ್ದಲ್ಲೇ ಇದ್ದವು. ಹಿಂದೆ ಉದುರಿಸಿದ ಧೂಳೂ ಅದೇ ಮನೆಯದು. ಬಣ್ಣ ತುಸು ಹೊಳೆದರೆ? ತೊಳೆದದ್ದಕ್ಕೇ ಹೊಳೆಯುತ್ತಿದೆ. ಅನುಮಾನಕ್ಕೂ ಅವನು ಮೊದಲೇ ಉತ್ತರ ಬರೆದಿಟ್ಟಿದ್ದ.

ಕುದುರೆಗಳಿಗೆ ಬಂದಾಗ ಅವನು ಯೋಚಿಸಲೇ ಇಲ್ಲ. ಕೈ ತಾನಾಗಿ ಓಡಿತು. ವರ್ಷಗಳ ಹಿಂದೆ ಒಬ್ಬ ಗಿರಾಕಿ, ಸತ್ತ ಸೈನಿಕನಿಗೆ ಆರು ಬೆರಳಿದೆ ಎಂದು ಚಿತ್ರ ವಾಪಸ್ ತಂದು ಅಂಗಡಿಯಲ್ಲಿ ಅವನ ಮಾನ ಕಳೆದಿದ್ದ. ತಪ್ಪು ಅಸಲಿನದೇ ಎಂದರೆ ಕೇಳುವವರು ಯಾರು? ಅಂದಿನಿಂದ ಹಳೆಯ ಕಲಾವಿದರ ಸಣ್ಣಪುಟ್ಟ ತಪ್ಪುಗಳನ್ನು ಅವನ ಕೈ, ಕಾಳು ಆರಿಸುವವಳು ಮಾತಾಡುತ್ತಲೇ ಕಲ್ಲು ತೆಗೆದೆಸೆಯುವ ಹಾಗೆ, ಅವನಿಗೂ ಹೇಳದೆ ತೆಗೆದುಹಾಕುತ್ತಿತ್ತು.

ಒಪ್ಪಿಸುವ ದಿನ ಡಾಕ್ಟರು ಭೂತಗನ್ನಡಿ ಹಿಡಿದು ಮೊಳೆ ನೋಡಿದರು, ಸುಟ್ಟ ಗುರುತು ಸವರಿದರು, ಹಿಂಬದಿ ಮೂಸಿದರು. ಆಮೇಲೆ ಮಗಳಿಗೆಂದು ಬರೆದದ್ದನ್ನು ಪಕ್ಕದಲ್ಲಿ ನಿಲ್ಲಿಸಿದರು.

"ನೋಡಿದ್ಯಾ? ಎರಡನ್ನೂ ಒಟ್ಟಿಗೆ ಇಟ್ಟಾಗ ಗೊತ್ತಾಗುತ್ತೆ. ಅಸಲು ಅಂದ್ರೆ ಅಸಲು."

"ಹೌದು ಸಾರ್," ಎಂದು ಅವನು ತಲೆ ತಗ್ಗಿಸಿದ, ನಗು ಕಾಣಬಾರದೆಂದು. ಕೆಳಗೆ ಅವನ ಸ್ಕೂಟರಿಗೆ ಕಟ್ಟಿದ್ದ ಉದ್ದನೆಯ ಕೊಳವೆಯಲ್ಲಿ ನಿಜವಾದ ಕುದುರೆಗಳು ಸುರುಳಿ ಸುತ್ತಿ ಮಲಗಿದ್ದವು. ರೈಲಿಗೆ ಇನ್ನೂ ಎರಡು ಗಂಟೆ. ಚಹಾ ಕುಡಿದು ಹೋಗು ಎಂದಾಗ ಅವಸರ ತೋರಬಾರದೆಂದು ಕುಳಿತ. ಗೋಡೆಯ ಕೆಳಗೆ ಅಜ್ಜಿ ತಟ್ಟೆ ಹಿಡಿದು ಕೂತರು. ಕರಿ ಕುದುರೆಯ ಪಾಲು ಮುಗಿಯಿತು. ಬೂದು ಕುದುರೆಯದು ಶುರುವಾಯಿತು. ಒಂದು, ಎರಡು, ಮೂರು, ನಾಲ್ಕು.

ಮಗು ಬಾಯಿ ಮುಚ್ಚಿಕೊಂಡಿತು. "ಇನ್ನೊಂದು, ಬಂಗಾರಿ. ಇದಕ್ಕೆ ಐದು ಅಲ್ವಾ?" ಎಂದರು ಅಜ್ಜಿ. "ಇಲ್ಲ ಅಜ್ಜಿ, ಇವತ್ತು ಅದಕ್ಕೆ ನಾಲ್ಕೇ ಕಾಲು." ಅಜ್ಜಿ ನಗುತ್ತ ತಲೆಯೆತ್ತಿದರು, ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಡಾಕ್ಟರು ಎದ್ದು ಚಿತ್ರದ ಮುಂದೆ ನಿಂತು ಕಾಲುಗಳನ್ನು ಒಂದೊಂದಾಗಿ ಎಣಿಸಿದರು. "ಆ ಕಲಾವಿದ ಗಡಿಬಿಡಿಯಲ್ಲಿ ಬೂದು ಕುದುರೆಗೆ ಒಂದು ಕಾಲು ಹೆಚ್ಚು ಬರೆದುಬಿಟ್ಟಿದ್ದ," ಎಂದರು ಮೆಲ್ಲಗೆ. "ನಮ್ಮಜ್ಜಿ ನನಗೂ ಅದನ್ನೇ ಎಣಿಸಿ ಉಣ್ಣಿಸಿದ್ದು." ಅವನು ಚಹಾ ಕೆಳಗಿಟ್ಟು ಎದ್ದ. "ತೊಳೆಯುವಾಗ ಸಾರ್..." ಎಂದ. "ತೊಳೆದ್ರೆ ಕೊಳೆ ಹೋಗುತ್ತೆ ಕಣಪ್ಪ. ಕಾಲು ಹೋಗಲ್ಲ," ಎನ್ನುತ್ತ ಡಾಕ್ಟರು ಮುಂಬಾಗಿಲಿಗೆ ನಡೆದು ಚಿಲಕ ಹಾಕಿದರು.