ಹಲಗೆಯ ಮೇಲಿನ ಸುಟ್ಟ ಗೆರೆಗಳು

ಮಂಗಳವಾರ ಬೆಳಿಗ್ಗೆ ಬೂಕನಕೆರೆಯ ಅರ್ಪಿತ ತನ್ನ ಅಣ್ಣ ಶಿವಶಂಕರನ ಜೊತೆ ಠಾಣೆಗೆ ಬಂದಳು. ಬಡಗಿ ಕೆಲಸದ ಅವಳ ಗಂಡ ಲೋಹಿತ್ ಹಿಂದಿನ ಮಧ್ಯಾಹ್ನ ಜಮೀನಿನ ಪಂಪ್‌ಸೆಟ್ ಪಕ್ಕ ಸತ್ತು ಬಿದ್ದಿದ್ದ. ಕರೆಂಟು ಹೊಡೆದು ಅಸ್ವಾಭಾವಿಕ ಮರಣವೆಂದು ಪ್ರಕರಣ ದಾಖಲಾಗಿತ್ತು.

"ಅವ್ರ ಚಪ್ಪಲಿ ಮರಗೆಲ್ಸದ ಶೆಡ್ಡಲ್ಲೇ ಅವೆ ಮೇಡಂ. ಬರಿಗಾಲಲ್ಲಿ ಜಮೀನಿಗ್ಯಾಕೋಗ್ತಾರೆ?"

"ಬುಡವ್ವ, ಓದೋನು ಬತ್ತಾನಾ?" ಎಂದ ಶಿವಶಂಕರ್. ಅವನದು ಕೆ.ಆರ್. ಪೇಟೆಯಲ್ಲಿ ಮಿಕ್ಸಿ, ಓವನ್ ರಿಪೇರಿಯ ಅಂಗಡಿ.

ಸಬ್‌ ಇನ್‌ಸ್ಪೆಕ್ಟರ್ ಪ್ರಮೀಳಾ ಲೈನ್‌ಮನ್ ಮಂಜುನಾಥನನ್ನು ಕರೆಸಿದರು.

"ಸೋಮವಾರ ಮಧ್ಯಾಹ್ನ ಆ ಲೈನಲ್ಲಿ ಕರೆಂಟಿತ್ತಾ?"

"ಇರ್ಲಿಲ್ಲ ಮೇಡಂ. ತಂತಿ ಎಳೀತಿದ್ವಿ, ಜಮೀನಿನ ಲೈನ್ ನಾನೇ ಆಫ್ ಮಾಡಿದ್ದೆ. ಊರೊಳ್ಗೆ ಮಾತ್ರ ಇತ್ತು."

ಮರಣೋತ್ತರ ವರದಿ ಎರಡೂ ಅಂಗೈ ಸುಟ್ಟಿವೆ ಎಂದಿತ್ತು. ಎಫ್‌ಐಆರ್ ದಾಖಲಿಸಿ ಪ್ರಮೀಳಾ ಶೆಡ್ಡಿಗೆ ಹೋದರು. ಪಂಚರ ಎದುರು ಕಾನ್‌ಸ್ಟೆಬಲ್ ಸಿದ್ದರಾಜು ಹಲಗೆಗಳನ್ನು ಒಂದೊಂದಾಗಿ ಎತ್ತಿಟ್ಟ. ಅವುಗಳ ಮೇಲೆಲ್ಲ ಬೇರು ಹರಡಿದಂಥ ಕಪ್ಪು ಗೆರೆಗಳು.

"ಮರಕ್ಕೆ ಎರ್ಡು ತಂತಿ ತಾಗ್ಸಿ ಕರೆಂಟಲ್ಲಿ ಸುಟ್ಟು ಚಿತ್ರ ಬರೀತಿದ್ರು," ಎಂದಳು ಅರ್ಪಿತ. "ಅಣ್ಣ ಅಳೇ ಓವನ್ ಬಿಚ್ಚಿ ಮಿಷನ್ ಮಾಡ್ಕೊಟ್ಟಿದ್ದ. ಇಲ್ಲೇ ಇತ್ತಲ್ಲ, ಎಲ್ಲೋಯ್ತು?"

ತಾನು ಏನು ಹೇಳಿದೆನೆಂಬುದು ಅವಳಿಗೆ ತಿಳಿಯಲಿಲ್ಲ. ಪ್ರಮೀಳಾ ಅವಳ ಮುಖ ನೋಡಲಾರದೆ ಪಂಚನಾಮೆಯತ್ತ ಬಗ್ಗಿದರು.

ಶಿವಶಂಕರನ ಅಂಗಡಿಯ ಅಟ್ಟದಲ್ಲಿ ಗೋಣಿಚೀಲದೊಳಗೆ ಓವನ್ನಿನ ಟ್ರಾನ್ಸ್‌ಫಾರ್ಮರ್ ಸಿಕ್ಕಿತು. ಅದರ ತಂತಿಗಳ ತುದಿ ಕಪ್ಪಾಗಿತ್ತು.

"ಸ್ವಿಚ್ ಹಾಕಿದ್ದು ಯಾರು?" ಎಂದು ಪ್ರಮೀಳಾ ಶಿವಶಂಕರನನ್ನು ಕೇಳಿದರು.

"ನಾನೇ."

"ಅವನು ತಂತಿಯಿಂದ ಕೈ ತೆಗೆದಿರಲಿಲ್ಲವಾ?"

"'ಆಯ್ತಾ ಬಾವ' ಅಂದೆ ಮೇಡಂ. ಊಂ ಅಂದಂಗಾಯ್ತು. ಅವ್ನು ಅಂದ್ನೋ, ನಂಗೇ ಅಂಗೆ ಕೇಳುಸ್ತೋ..."

"ಆಸ್ಪತ್ರೆಗೆ ಯಾಕೆ ಒಯ್ಯಲಿಲ್ಲ?"

"ಎದೆ ಒತ್ತಿ ಒತ್ತಿ ನೋಡ್ದೆ. ಉಸುರೇ ಇರ್ಲಿಲ್ಲ. ಅರ್ಪಿತ ಡೈರಿಗೋಗಿದ್ಲು. ಅವ್ಳು ಬರೋದ್ರೊಳ್ಗೆ ಗಾಡೀಲಿ ಎತ್ತಾಕ್ಕೊಂಡೋಗಿ ಪಂಪ್‌ಸೆಟ್ ತಾವ ಮಲಗಿಸ್ಬುಟ್ಟೆ."

"ಜೈಲಿನ ಭಯವಾ?"

"ಜೈಲಲ್ಲ ಮೇಡಂ. ಗಂಡ ಓದ್ಮೇಲೆ ಅವ್ಳಿಗೆ ಅಂತ ಉಳ್ದಿರೋನು ನಾನೊಬ್ನೇ. ನನ್ ಕೈಯಿಂದ್ಲೇ ಓದ ಅಂತ ಗೊತ್ತಾದ್ರೆ ಅವ್ಳಿಗೆ ಯಾರವ್ರೆ?"

ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶದ ಆರೋಪದ ಮೇಲೆ ಅಂದು ಸಂಜೆಯೇ ಅವನನ್ನು ಬಂಧಿಸಲಾಯಿತು. ಬಂಧನದ ವಿಷಯವನ್ನು ಮನೆಯವರೊಬ್ಬರಿಗೆ ತಿಳಿಸಲೇಬೇಕು. ಯಾರಿಗೆ ಎಂದು ಸಿದ್ದರಾಜು ಕೇಳಿದ. ಶಿವಶಂಕರ್ ಗೋಡೆಗೆ ಮುಖ ತಿರುಗಿಸಿ ಕುಳಿತ.

ಪ್ರಮೀಳಾ ತಾವೇ ಫೋನು ಮಾಡಿದರು. ಅತ್ತ ಕಡೆಯಿಂದ ಅರ್ಪಿತಳ ದನಿ ಅವಸರವಾಗಿ ಬಂತು: "ಸಿಕ್ಬುಟ್ನಾ ಮೇಡಂ? ತಡೀರಿ, ಅಣ್ಣನ್ನೂ ಕರ್ಕೊಂಡೇ ಬತ್ತೀನಿ."